ಮದ್ದಿನ ಚೀಟಿಗೆ ಅನುವಾದಕರು ಬೇಕು



ಮಾತ್ರೆಯ ಡಬ್ಬಿಯೊಳಗೆ ಹಲವು ಮಡಿಕೆ ಮಾಡಿಟ್ಟ ತೆಳು ಕಾಗದವನ್ನು ನೀವು ನೋಡಿರಬಹುದು. ನಮ್ಮಲ್ಲಿ ಅದನ್ನು ಓದದೆ ಎಸೆಯುವವರೇ ಹೆಚ್ಚು. ಓದಹೊರಟರೂ ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಹಾಗಲ್ಲ. ಔಷಧಿ ಯಾವ ದೇಶದಲ್ಲಿ ಮಾರಾಟವಾಗುವುದೋ ಆ ದೇಶದ ಅಧಿಕೃತ ಭಾಷೆಯಲ್ಲೇ ಚೀಟಿ ಇರಬೇಕೆಂದು 2001ರ ನಿಯಮ ಹೇಳುತ್ತದೆ.

ಬಾಲ್ಟಿಕ್ ತೀರದ ಲಾಟ್ವಿಯ 2004ರ ಮೇ 1ರಂದು ಒಕ್ಕೂಟವನ್ನು ಸೇರಿತು. ಅಲ್ಲಿನ ಜನಸಂಖ್ಯೆ 20 ಲಕ್ಷಕ್ಕೂ ಕಡಿಮೆ. ಆದರೂ ಒಕ್ಕೂಟದ ಅನುಮತಿ ಪಡೆಯುವ ಪ್ರತಿ ಹೊಸ ಔಷಧಿಯ ವಿವರ ಲಾಟ್ವಿಯನ್ ಭಾಷೆಗೂ ಬರಬೇಕು. ಬೆಂಗಳೂರಿನ ಬಯೋಕಾನ್ ಪಾಲುದಾರನಾಗಿ ರೂಪಿಸಿದ ಇನ್ಸುಲಿನ್ ಗ್ಲಾರ್ಜಿನ್‌ಗೆ 2018ರಲ್ಲಿ ಅಲ್ಲಿ ಅನುಮತಿ ದೊರೆತಾಗಲೂ ಇದೇ ನಿಯಮ.

ಇದನ್ನು ಬರೆಯಬಲ್ಲವರು ಯಾರು? ಇಂಗ್ಲಿಷ್ ಬಲ್ಲ ಲಾಟ್ವಿಯನ್ನರು ಅನೇಕರು, ವೈದ್ಯರೂ ಉಂಟು. ಎರಡು ವಿದ್ಯೆಯೂ ಕೂಡಿದ, ಅದರ ಮೇಲೆ ಸರಳವಾಗಿ ಬರೆಯಬಲ್ಲ ವ್ಯಕ್ತಿ ಸಿಗುವುದೇ ಕಷ್ಟ. ಭಾಷೆಯೂ ಸುಲಭದ್ದಲ್ಲ. 'ಕಜಸ್' ಎಂದರೆ ಮೇಕೆಗಳು, 'ಕಾಜಸ್' ಎಂದರೆ ಮದುವೆ. ಬರವಣಿಗೆಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸ್ವರದ ತಲೆಯ ಮೇಲಿನ ಒಂದು ಅಡ್ಡಗೆರೆ, ಅಷ್ಟೆ. ಹೊರಗಿನ ಹೆಸರುಗಳೂ ಅಲ್ಲಿ ವಿಭಕ್ತಿಗೆ ಒಳಗಾಗುತ್ತವೆ: ಪ್ರಥಮೆಯಲ್ಲಿ 'ಪಾರಾಸೆಟಮೋಲ್ಸ್', ಷಷ್ಠಿಯಲ್ಲಿ 'ಪಾರಾಸೆಟಮೋಲ'. ಔಷಧಿಗೆ ಅವರು 'ಜಾಲೆಸ್' ಎನ್ನುತ್ತಾರೆ. ಹುಲ್ಲುಗಳಿಗೂ ಅದೇ ಮಾತು. ನಮ್ಮ ನಾಟಿ ವೈದ್ಯರು ಕೇಳಿದರೆ ಮೆಚ್ಚಿಕೊಂಡಾರು!

ಅಂಕಿಗಳಲ್ಲೂ ಎಚ್ಚರ ಬೇಕು. ನಾವು 2.5 ಎಂದು ಬರೆಯುವುದನ್ನು ಅವರು 2,5 ಎಂದು ಬರೆಯುತ್ತಾರೆ. ಬದಲಾಯಿಸುವಾಗ ಆ ಚಿಹ್ನೆ ಬಿಟ್ಟುಹೋದರೆ ಉಳಿಯುವುದು 25, ಅಂದರೆ ಹತ್ತು ಪಟ್ಟು ಮದ್ದು.

ಇದು ಬರಿಯ ಊಹೆಯ ಭಯವಲ್ಲ. 2006-07ರಲ್ಲಿ ಬರ್ಲಿನ್ನಿನ ಒಂದು ಆಸ್ಪತ್ರೆಯಲ್ಲಿ ಕೃತಕ ಮಂಡಿಯ ಪೊಟ್ಟಣದ ಮೇಲಿದ್ದ ಇಂಗ್ಲಿಷ್ ಮಾತನ್ನು ತಪ್ಪಾಗಿ ತಿಳಿದರು. ಸಿಮೆಂಟು ಹಾಕಿ ಕೂರಿಸಬೇಕಾದ ಕೀಲನ್ನು ಸಿಮೆಂಟಿಲ್ಲದೆ ಕೂರಿಸಿದರು. ಹೀಗೆ ಶಸ್ತ್ರಚಿಕಿತ್ಸೆಯಾದವರು 47 ಮಂದಿ.

ಆದ್ದರಿಂದ ಅನುವಾದಕರನ್ನು ಹುಡುಕುವವರು ಪದವಿಪತ್ರವೊಂದನ್ನೇ ನೋಡಿ ಸುಮ್ಮನಾಗಬಾರದು. ಲಾಟ್ವಿಯನ್ ತಾಯ್ನುಡಿಯಾಗಿರುವವರು ಉತ್ತಮ. ಹಿಂದೆ ಯಾವ ಬಗೆಯ ಚೀಟಿ ಮಾಡಿದ್ದಾರೆಂದು ಕೇಳಬೇಕು. ಒಂದು ಪುಟ ಕೊಟ್ಟು ನೋಡಬೇಕು. ಹೃದ್ರೋಗದ ಬರಹದಲ್ಲಿ ಪಳಗಿದವರು ಕಣ್ಣಿನ ಮದ್ದಿಗೂ ಸರಿಹೋಗುತ್ತಾರೆ ಎನ್ನಲಾಗದು. 2015ರ ಐಎಸ್‌ಒ 17100 ಮಾನದಂಡದಂತೆ, ಒಬ್ಬರು ಅನುವಾದಿಸಿದ್ದನ್ನು ಎರಡನೆಯವರು ಮೂಲದೊಡನೆ ಹೋಲಿಸಿ ತಿದ್ದಲೇಬೇಕು. ಖರ್ಚು ಉಳಿಸಲು ಈ ಎರಡನೆಯವರನ್ನೇ ಕೈಬಿಡುವುದುಂಟು. ನನ್ನ ಮಟ್ಟಿಗೆ ಅದು ಅತಿ ದುಬಾರಿಯಾದ ಉಳಿತಾಯ.

ಇನ್ನು ಕಾಲಾವಕಾಶ. ಒಕ್ಕೂಟದ ತಜ್ಞರ ಸಮಿತಿ ಔಷಧಿಯ ಪರವಾಗಿ ಅಭಿಪ್ರಾಯ ಕೊಟ್ಟಮೇಲೆ ಎಲ್ಲ ಭಾಷೆಗಳ ಪಠ್ಯವನ್ನೂ ಸುಮಾರು ಐದು ದಿನದೊಳಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿಂದ ಅದು ಆಯಾ ದೇಶದ ಪರಿಶೀಲಕರ ಮೇಜಿಗೆ ಹೋಗುತ್ತದೆ. ಅನುವಾದಕರನ್ನು ಆ ಐದು ದಿನದಲ್ಲಿ ಹುಡುಕಹೊರಟವರಿಗೆ ಒಳ್ಳೆಯವರು ಬಿಡುವಾಗಿ ಸಿಗುವುದಿಲ್ಲ. ತಿಂಗಳುಗಳ ಮುಂಚೆಯೇ ಮಾತನಾಡಿಟ್ಟಿರಬೇಕು.