ಎರಡನೆಯ ತಿಂಗಳಿಗೆ ನಿಲ್ಲುವ ಮಾತ್ರೆ



ಕ್ಷಯದ ರೋಗಿ ಮಾತ್ರೆ ಬಿಟ್ಟನೆಂದೊಡನೆ “ತಿಳುವಳಿಕೆಯಿಲ್ಲದ ಜನ” ಎಂದು ತೀರ್ಪು ಕೊಡುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯ ಸಂಸ್ಥೆಯವರು ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದ್ದರು. ಅಲ್ಲಿ ಅನೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ! ಹಾಗಾದರೆ ತಿಳುವಳಿಕೆ ಯಾರಿಗೆ ಬೇಕಾಗಿತ್ತು?

ಆದರೂ ನಾವು ತಿಳಿಯಬೇಕಾದದ್ದೂ ಇದೆ. ಇಂದಿನ ಸಾಮಾನ್ಯ ಚಿಕಿತ್ಸೆ ಆರು ತಿಂಗಳದು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದೆ ನಾಲ್ಕು ತಿಂಗಳು ಮೂರು ಔಷಧ, ಪ್ರತಿದಿನವೂ. ಕೆಲವೇ ವಾರಗಳಲ್ಲಿ ಜ್ವರ ಬಿಡುತ್ತದೆ, ಊಟ ಸೇರುತ್ತದೆ. ಅಪಾಯವಿರುವುದು ಇಲ್ಲಿಯೇ. ವಾಸಿಯಾಯಿತೆಂದು ಪಾಳಿಗೆ ಮರಳಿದ ಸಂಗಾತಿಯ ಎದೆಯಲ್ಲಿ ಮೊಂಡು ಕ್ರಿಮಿಗಳು ಇನ್ನೂ ಉಳಿದಿರುತ್ತವೆ. ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ಕ್ರಿಮಿಯೇ ಬೆಳೆದು ನಿಲ್ಲಬಹುದು. ಹೆಂಡತಿ ಮಕ್ಕಳಿಗೆ ಹರಡಿದರೆ ಹರಡುವುದೂ ಅದೇ.

ಇನ್ನೊಂದು ಸಣ್ಣ ಸಂಗತಿ. ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ದಿನವೇ ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ರೋಗಿ ಹೆದರುತ್ತಾನೆ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಓಡಬೇಕು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಗೋಡೆಗೆ ಅಂಟಿಸಿದ ಬಣ್ಣದ ಚಿತ್ರ ಈ ಕೆಲಸ ಮಾಡಲಾರದು. ಪಕ್ಕದ ಯಂತ್ರದಲ್ಲಿ ದುಡಿಯುವವನು, ಅದರಲ್ಲೂ ಗುಣವಾಗಿ ಬಂದವನು ಹೇಳಿದರೆ ನಾಟುತ್ತದೆ.

ಕೂಲಿಯ ಮಾತು ಬಿಟ್ಟು ಆರೋಗ್ಯ ಬೋಧಿಸುವುದು ಹಸಿದವನಿಗೆ ಪಥ್ಯ ಹೇಳಿದಂತೆ. ಇ.ಎಸ್.ಐ.ನಲ್ಲಿ ಎರಡು ವರ್ಷ ತುಂಬಿ, ನಿಗದಿಯಾದ ವಂತಿಗೆ ಸಂದಿದ್ದರೆ, ಕ್ಷಯಕ್ಕೆ ಸಾಮಾನ್ಯ 91 ದಿನಗಳ ನಂತರವೂ ಕೂಲಿಯ ನೂರಕ್ಕೆ 80ರಂತೆ ಭತ್ಯೆ ದೊರೆಯುತ್ತದೆ. ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಗೆ ಏರಿದೆ. ಇವನ್ನು ಕೇಳಿ ಪಡೆಯುವುದೂ ಚಿಕಿತ್ಸೆಯ ಭಾಗವೇ.

ವರ್ತಕ ಮಿತ್ರರೇ, ಅಂಗಡಿಯ ಹುಡುಗನಿಗೆ ಕ್ಷಯವೆಂದು ತಿಳಿದರೆ ಕೆಲಸದಿಂದ ಬಿಡಿಸಬೇಡಿ. ಸರಿಯಾದ ಔಷಧ ಶುರುವಾದರೆ ಸೋಂಕು ಹರಡುವುದು ಬೇಗ ಇಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ರಜೆ ಕೊಡಿ. ಕೆಲಸ ಹೋದೀತೆಂದು ರೋಗ ಮುಚ್ಚಿಡುವವನು ಮಾತ್ರೆಯನ್ನೂ ಮುಚ್ಚಿಡುತ್ತಾನೆ.

ಮಾತ್ರೆ ದಾಸ್ತಾನಿಲ್ಲವೆಂದು ಯಾರನ್ನಾದರೂ ಹಿಂದಕ್ಕೆ ಕಳುಹಿಸಿದರೆ ಅಂದೇ ಕಛೇರಿಗೆ ಬಂದು ತಿಳಿಸಿ. ಜಿಲ್ಲಾ ಕ್ಷಯ ಅಧಿಕಾರಿಗಳ ಬಾಗಿಲಿಗೆ ಒಟ್ಟಾಗಿ ಹೋಗೋಣ.