ಕೋಟೆ ನೋಡಬಹುದು, ನೀರು ಮುಟ್ಟಬಾರದು
(ಸುಂಕಸಾಳದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನೀವೆಲ್ಲ ಬಾದಾಮಿ, ಐಹೊಳೆ ನೋಡಲು ಹೊರಟಿದ್ದೀರಿ ಅಂತ ಗೊತ್ತಾಯ್ತು. ಬಹಳ ಸಂತೋಷ. ಬೆಳಕು ಹರಿಯುವ ಮೊದಲೇ ಸುಂಕಸಾಳ ಬಿಟ್ಟು, ಅರಬೈಲ ಘಟ್ಟ ಏರಿ, ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಹೋಗಬೇಕು. ಒಂದೇ ದಿನದಲ್ಲಿ ಹೋಗಿ ಬರುವುದು ಮೈ ನೋಯುವ ಕೆಲಸ. ಆದರೂ ಹೋಗಿ ಬನ್ನಿ. ಅಲ್ಲಿ ನಿಮಗೆ ಗೈಡ್ ಸಿಗ್ತಾನೆ. ಈ ನಟರಾಜನಿಗೆ ಹದಿನೆಂಟು ಕೈ, ಈ ಕೋಟೆ ಕಟ್ಟಿಸಿದವನು ಪುಲಕೇಶಿ, ಮುಂದೆ ಬನ್ನಿ ಮುಂದೆ ಬನ್ನಿ ಅಂತಾನೆ. ಅವನು ಹೇಳೋದು ಸುಳ್ಳಲ್ಲ. ಆದರೆ ಅವನು ಹೇಳದೆ ಬಿಡೋದೂ ಬಹಳ ಇದೆ. ಆ ಬಿಟ್ಟುಹೋದ ಭಾಗದ ಬಗ್ಗೆ ಮಾತಾಡೋಣ ಅಂತ ಇವತ್ತು ನಿಂತಿದ್ದೇವೆ.

ಕಲ್ಲಿನ ಕೋಟೆ ಮತ್ತು ಬೌದ್ಧ ಗುಹೆ ನೋಡಲು ನಮ್ಮವರೇ ಹೊರಟಿದ್ದ ಒಂದು ಪ್ರವಾಸದ ಕತೆ ಇದೆ. ಅದನ್ನು ನೀವು ಬಸ್ಸು ಹತ್ತುವ ಮೊದಲು ತಿಳಿದಿರಬೇಕು.

1934ನೇ ಇಸವಿ. ಚಳವಳಿಯಲ್ಲಿ ದುಡಿಯುತ್ತಿದ್ದ ಕೆಲವು ಗೆಳೆಯರು ಬಾಬಾಸಾಹೇಬ ಅಂಬೇಡ್ಕರರ ಹತ್ತಿರ ಹೋಗಿ, ನೀವು ಬರೋದಾದರೆ ನಾವೆಲ್ಲ ಒಂದು ಪ್ರವಾಸ ಹೋಗೋಣ ಅಂದರು. ಅವರು ಒಪ್ಪಿದರು. ವೇರೂಳಿನ ಬೌದ್ಧ ಗುಹೆಗಳನ್ನು, ಅಂದರೆ ನಾವು ಎಲ್ಲೋರ ಅಂತ ಕರೆಯೋ ಜಾಗವನ್ನು, ನೋಡಬೇಕು ಅನ್ನೋದು ಅವರ ಆಸೆ. ಸುಮಾರು ಮೂವತ್ತು ಜನ. ಬಸ್ಸು, ಕಾರು ಬಾಡಿಗೆಗೆ ಹಿಡಿದು ನಾಸಿಕದಿಂದ ಹೊರಟರು. ಯೇವಲಾ ಮೇಲೆ ಹಾದು ಔರಂಗಾಬಾದಿಗೆ ಹೋಗಬೇಕು. ಅದು ಆಗ ಹೈದರಾಬಾದ್ ನಿಜಾಮನ ರಾಜ್ಯ. ನಮ್ಮ ಕಲಬುರಗಿ, ರಾಯಚೂರು ಕೂಡ ಆಗ ಅದೇ ರಾಜ್ಯದಲ್ಲಿದ್ದವು.

ಒಂದು ವಿಷಯ ಗಮನಿಸಿ. ಈ ಪ್ರವಾಸದ ಸುದ್ದಿಯನ್ನು ಅವರು ಬೇಕಂತಲೇ ಎಲ್ಲೂ ಸಾರಲಿಲ್ಲ. ಯಾಕೆ? ಅಸ್ಪೃಶ್ಯರು ಊರು ನೋಡಲು ಬರ್ತಾರೆ ಅಂತ ಗೊತ್ತಾದರೆ ದಾರಿಯಲ್ಲಿ ಏನಾಗುತ್ತೋ ಎಂಬ ಅಳುಕು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಲಂಡನ್ನಿನ ಡಿ.ಎಸ್‌ಸಿ. ಪಡೆದವರು, ಬ್ಯಾರಿಸ್ಟರು, ದುಂಡುಮೇಜಿನ ಪರಿಷತ್ತಿನಲ್ಲಿ ಬ್ರಿಟಿಷ್ ಸರ್ಕಾರದ ಎದುರು ವಾದ ಮಾಡಿ ಬಂದವರು. ಅಂಥವರು ತಮ್ಮ ದೇಶದಲ್ಲೇ ಒಂದು ಗುಹೆ ನೋಡಲು ಗುಟ್ಟಾಗಿ ಹೋಗಬೇಕಾಯ್ತು.

ದಾರಿಯಲ್ಲಿ ದೌಲತಾಬಾದ್ ಸಿಗುತ್ತದೆ. ಹಳೆಯ ಹೆಸರು ದೇವಗಿರಿ. ಸೇವುಣರ ರಾಜಧಾನಿ. ಆ ಸೇವುಣರು ಕನ್ನಡದಲ್ಲೂ ಬಹಳ ಶಾಸನ ಹಾಕಿಸಿದ್ದಾರೆ, ಹಾಗಾಗಿ ಅದು ನಮಗೆ ತೀರ ಹೊರಗಿನ ಊರಲ್ಲ. ಒಂಟಿ ಗುಡ್ಡ. ಅದರ ಸುತ್ತ ಬಂಡೆಯನ್ನು ನೆಟ್ಟಗೆ ಗೋಡೆಯ ಹಾಗೆ ಕಡಿದಿದ್ದಾರೆ, ಕೆಳಗೆ ಕಂದಕ, ಮೇಲೆ ಹೋಗಲು ಕಲ್ಲಿನೊಳಗೆ ಕೊರೆದ ಕತ್ತಲ ದಾರಿ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯಿಂದ ರಾಜಧಾನಿ ಎತ್ತಿಕೊಂಡು ಬಂದನಲ್ಲ, ಇದೇ ಜಾಗಕ್ಕೆ.

ಊರ ಬಾಗಿಲಲ್ಲಿ ನಮ್ಮ ಜನ ಕಾದಿದ್ದರು. ಇಳೀರಿ, ಚಾ ಕುಡಿದು ಹೋಗ್ರಿ ಅಂದರು. ಹೊತ್ತು ಮುಳುಗುವುದರೊಳಗೆ ಕೋಟೆ ನೋಡಿಬಿಡೋಣ, ಚಾ ಆಮೇಲೆ ಅಂತ ಇವರು ಮುಂದೆ ಹೋದರು. ಕೋಟೆ ಬಾಗಿಲ ಹೊರಗೆ ಒಂದು ಸಣ್ಣ ಹೊಂಡ, ಅಂಚಿನವರೆಗೂ ನೀರು, ಸುತ್ತ ಕಲ್ಲು ಹಾಸು. ದಾರಿಯ ಧೂಳು ಮೈಮೇಲೆಲ್ಲ ಕೂತಿತ್ತು. ಕೆಲವರು ಕೈಕಾಲು ಮುಖ ತೊಳೆದುಕೊಂಡರು. ಯಾರಾದರೂ ಮಾಡುವ ಕೆಲಸ. ಆಮೇಲೆ ಬಾಗಿಲೊಳಗೆ ಹೋಗಿ ಕಾವಲುಗಾರನ ಹತ್ತಿರ ಅನುಮತಿ ಕೇಳುತ್ತಿದ್ದರು. ಅಷ್ಟರಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ, ಢೇಡರು ಕೆರೆ ಕೆಡಿಸಿದರು ಅಂತ ಕೂಗುತ್ತಾ ಬಂದ. ರಂಜಾನ್ ತಿಂಗಳು. ಸುತ್ತಲಿದ್ದ ಮುಸಲ್ಮಾನರೆಲ್ಲ ಸೇರಿದರು. ಬೈಗುಳ ಸುರುವಾಯ್ತು. ಊರಿನ ನಮ್ಮ ಜನರಿಗೂ ಬೈದರು. ಬಾಬಾಸಾಹೇಬರಿಗೆ ತಾಳ್ಮೆ ತಪ್ಪಿತು. ನಿಮ್ಮ ಧರ್ಮ ಇದನ್ನೇ ಕಲಿಸುತ್ತದೆಯೆ, ಇದೇ ಅಸ್ಪೃಶ್ಯ ನಾಳೆ ನಿಮ್ಮ ಧರ್ಮಕ್ಕೆ ಬಂದರೆ ಆಗಲೂ ನೀರು ತಡೆಯುತ್ತೀರಾ ಎಂಬರ್ಥದಲ್ಲಿ ಸಿಟ್ಟಿನಿಂದ ಕೇಳಿದರು. ಗುಂಪು ತಣ್ಣಗಾಯ್ತು.

ಕಾವಲುಗಾರ ಮೇಲಧಿಕಾರಿಯನ್ನು ಕೇಳಿ ಬಂದು ಹೇಳಿದ: ಕೋಟೆ ಒಳಗೆ ಹೋಗಬಹುದು, ಆದರೆ ಒಳಗೆಲ್ಲೂ ನೀರು ಮುಟ್ಟಬಾರದು. ಮುಟ್ಟದ ಹಾಗೆ ನೋಡಿಕೊಳ್ಳಲು ಬಂದೂಕು ಹಿಡಿದ ಒಬ್ಬ ಸಿಪಾಯಿಯನ್ನೂ ಜೊತೆಗೆ ಕಳಿಸಿದರು. ಬೇರೆ ಪ್ರವಾಸಿಗಳಿಗೆ ಗೈಡು. ನಮ್ಮವರಿಗೆ ಸಿಪಾಯಿ.

ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಅನ್ನೋ ಸಣ್ಣ ಬರಹ, 1990ರಲ್ಲಿ ಪುಸ್ತಕವಾಗಿ ಬಂತು. ಹುಡುಕಿ ಓದಿ. ಇಂಗ್ಲಿಷು ಸರಳವಾಗಿದೆ, ಎಸ್‌ಎಸ್‌ಎಲ್‌ಸಿ ಓದಿದವರಿಗೂ ತಿಳಿಯುತ್ತದೆ.

ಈ ಕತೆ ಕೇಳಿ, ನೋಡಿ ಸಾಬರು ಹೀಗೆ ಮಾಡಿದರು ಅಂತ ಯಾರಾದರೂ ನಿಮ್ಮ ಕಿವಿ ಊದಲು ಬಂದಾರು. ಅವರಿಗೆ ಮಹಾಡದ ಕತೆ ಹೇಳಿ. ನಮ್ಮ ಅಂಕೋಲೆ ಮೇಲೆ ಹಾದುಹೋಗುವ ಕರಾವಳಿ ಹೆದ್ದಾರಿಯನ್ನೇ ಹಿಡಿದು ಬಡಗಣ ದಿಕ್ಕಿಗೆ ಹೋದರೆ, ಗೋವಾ ದಾಟಿ ಮುಂದೆ ಮಹಾಡ ಸಿಗುತ್ತದೆ. ಅಲ್ಲೂ ಊರ ಹತ್ತಿರದ ಗುಡ್ಡದಲ್ಲಿ ಬೌದ್ಧ ಗುಹೆಗಳಿವೆ. ಊರೊಳಗೆ ಚವದಾರ ಕೆರೆ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಗಿತ್ತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ ಎಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಮ್ಮ ಕಾರವಾರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂದರೆ ಆ ಠರಾವು ಅಂಕೋಲೆಯ ಬಾವಿಗೂ ಲಾಗೂ ಆಗಬೇಕಿತ್ತು. ಕಾಗದದಲ್ಲಿ ಆಯ್ತು. ಬಾವಿಕಟ್ಟೆಗೆ ಕಾಗದ ಇಳಿದು ಬರಲಿಲ್ಲ. ಅದಕ್ಕೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಚವದಾರ ಕೆರೆಯ ನೀರು ಕುಡಿದರು. ಅವತ್ತೇ ನಮ್ಮ ಜನರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಸವರ್ಣೀಯರು 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ ಶುದ್ಧಿ ಮಾಡಿದರು. ಸಗಣಿಯಿಂದ ಶುದ್ಧವಾಗುವ ನೀರು ಮನುಷ್ಯನ ಕೈಯಿಂದ ಕೆಡುತ್ತದಂತೆ! ಕೊನೆಗೆ 1937ರಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಹಾಗಾಗಿ ದೌಲತಾಬಾದಿನ ಪಾಠ ಒಂದು ಧರ್ಮದವರ ಮೇಲಿನ ದೂರಲ್ಲ. ಹಿಂದೂವಿಗೆ ಅಸ್ಪೃಶ್ಯನಾದವನು ಬೇರೆಯವರ ಕಣ್ಣಿಗೂ ಅಸ್ಪೃಶ್ಯನಾಗಿಯೇ ಕಾಣುತ್ತಾನೆ. ಜಾತಿಯ ರೋಗ ಗಾಳಿಯಲ್ಲೇ ಹರಡುತ್ತದೆ. ಬಾಬಾಸಾಹೇಬರು ಈ ಘಟನೆಯಿಂದ ತೋರಿಸಿದ್ದು ಅದನ್ನೇ.

ಈಗ ಗುಹೆಗೆ ಬರೋಣ. ವೇರೂಳಿನಲ್ಲಿ ನಂಬರು ಹಾಕಿದ 34 ಗುಹೆಗಳಿವೆ. 1ರಿಂದ 12 ಬೌದ್ಧರವು, 13ರಿಂದ 29 ಹಿಂದೂಗಳವು, 30ರಿಂದ 34 ಜೈನರವು. 16ನೆಯದು ಕೈಲಾಸ, ನಮ್ಮ ರಾಷ್ಟ್ರಕೂಟರ ಕಾಲದ್ದು. ಗೈಡುಗಳು ಜನರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗ್ತಾರೆ. ನಾವು ಹೇಳಬೇಕಾಗಿರೋದು 5ನೇ ಗುಹೆಯ ಮಾತು. ಅದರ ಹೆಸರು ಏನು ಗೊತ್ತೆ? ಮಹಾರವಾಡಾ. ಅಂದರೆ ಮಹಾರರ ಕೇರಿ. ಅದರ ಸುತ್ತಲಿನ ಬೌದ್ಧ ಗುಹೆಗಳ ಗುಂಪಿಗೆ ಢೇಡವಾಡಾ ಎಂಬ ಹೆಸರಿತ್ತು. 1880ರಲ್ಲಿ ಫರ್ಗುಸನ್ ಮತ್ತು ಬರ್ಜೆಸ್ ಎಂಬ ಬ್ರಿಟಿಷ್ ವಿದ್ವಾಂಸರು ಬರೆದ ಗುಹೆಗಳ ಪುಸ್ತಕದಲ್ಲೂ ಈ ಹೆಸರುಗಳಿವೆ. ಬುದ್ಧ ಕೂತ ಜಾಗಕ್ಕೆ ಊರಿನವರು ಇಟ್ಟ ಹೆಸರು ಹೊಲಗೇರಿ! ದೌಲತಾಬಾದಿನ ಬಾಗಿಲಲ್ಲಿ ಬೈಗುಳವಾಗಿ ಬಿದ್ದ ಮಾತೂ, ವೇರೂಳಿನಲ್ಲಿ ಬುದ್ಧನ ಮನೆಗೆ ಅಂಟಿಸಿದ ಮಾತೂ ಒಂದೇ. ಈ ಎರಡರ ನಡುವೆ ದಾರಿ ಬರೀ ಹದಿನೈದು ಕಿಲೋಮೀಟರಿನಷ್ಟು.

ಆ 5ನೇ ಗುಹೆ ಹೇಗಿದೆ? ಒಳಗೆ ನೂರು ಅಡಿಗೂ ಹೆಚ್ಚು ಉದ್ದದ ಪಡಸಾಲೆ. ಎರಡು ಸಾಲು ಕಂಬ. ನಡುವೆ ಉದ್ದಕ್ಕೂ, ನೆಲದಿಂದ ಸ್ವಲ್ಪವೇ ಮೇಲೆ, ಕಲ್ಲಿನಲ್ಲೇ ಬಿಡಿಸಿದ ಎರಡು ತಗ್ಗಿನ ಹಲಗೆಗಳು. ಭಿಕ್ಷುಗಳು ಸಾಲಾಗಿ ಕೂತು ಉಣ್ಣಲು ಅಥವಾ ಪಾಠ ಓದಲು ಮಾಡಿದ್ದು ಅಂತ ಬಲ್ಲವರು ಹೇಳ್ತಾರೆ. ಎಲ್ಲರಿಗೂ ಒಂದೇ ಎತ್ತರದ ಹಲಗೆ. ಕ್ಷೌರಿಕನಾದ ಉಪಾಲಿಯನ್ನೂ, ಕಸ ಗುಡಿಸುತ್ತಿದ್ದ ಸುನೀತನನ್ನೂ ಬುದ್ಧ ಸಂಘಕ್ಕೆ ಸೇರಿಸಿಕೊಂಡ ಅಂತ ಬೌದ್ಧ ಗ್ರಂಥಗಳು ಹೇಳುತ್ತವೆ. ಬೌದ್ಧ ಗುಹೆ ಅಂದ ಮಾತ್ರಕ್ಕೆ ಅಲ್ಲಿ ಕಲ್ಲು ಒಡೆದವನ ಹೊಟ್ಟೆ ತುಂಬಿತ್ತು ಅಂತ ನಾವು ಹೇಳೋದಿಲ್ಲ. ಅವನ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಆದರೆ ಸಾಲಾಗಿ ಕೂತು ಉಣ್ಣುವ, ಸಾಲಾಗಿ ಕೂತು ಓದುವ ಒಂದು ಮನೆ ಅಲ್ಲಿತ್ತು. ಗೆಳೆಯರೆ, ಅಂಥ ಮನೆಗೆ ಈಗ ನಾವು ಹಾಸ್ಟೆಲ್ ಅಂತೀವಿ.

ಆ ಪ್ರವಾಸದ ದಾರಿಯಲ್ಲೇ ಮುಂದೆ ಏನೇನಾಯ್ತು ನೋಡಿ. ಹೋಗುವಾಗ ಹಾದುಹೋದ ಯೇವಲಾ ಊರಿನಲ್ಲೇ ಮರುವರ್ಷ, 1935ರ ಅಕ್ಟೋಬರ್ 13ರಂದು, ಹಿಂದೂವಾಗಿ ಸಾಯುವುದಿಲ್ಲ ಅಂತ ಬಾಬಾಸಾಹೇಬರು ಸಾರಿದರು. ಔರಂಗಾಬಾದಿನಲ್ಲಿ 1950ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಾಲೇಜು ತೆರೆಯಿತು. ಅದಕ್ಕೆ ಬೌದ್ಧರ ಮಿಲಿಂದ ರಾಜನ ಹೆಸರಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದರು. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕು ಅಂತ 1978ರಲ್ಲಿ ಠರಾವಾದಾಗ ನಮ್ಮವರ ಮನೆಗಳಿಗೆ ಬೆಂಕಿ ಇಟ್ಟರು. ವಿದ್ಯಾರ್ಥಿಗಳು ಬಿಡಲಿಲ್ಲ. 1994ರ ಜನವರಿ 14ರಂದು ಆ ಹೆಸರು ಬಂತು. ನೀರು ಮುಟ್ಟಬೇಡ ಅಂದ ನಾಡಿನಲ್ಲಿ ಈಗ ಪದವಿ ಪತ್ರದ ಮೇಲೆ ಅವರ ಹೆಸರಿದೆ.

ಈಗ ನಿಮ್ಮ ಪ್ರವಾಸ. ಬಾದಾಮಿಯ ಕೋಟೆ ಬಂಡೆಯ ಮೇಲೆ 543ರ ಶಾಸನ ಇದೆ. ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ, ಅಶ್ವಮೇಧ ಮಾಡಿದ ಎನ್ನುತ್ತದೆ. ಮೂರನೇ ಗುಹೆಯಲ್ಲಿ 578ರ ಮಂಗಲೇಶನ ಶಾಸನ ಇದೆ. ಗುಡಿಗೆ ಒಂದು ಊರನ್ನು ದಾನ ಕೊಟ್ಟ ಲೆಕ್ಕ ಅದರಲ್ಲಿದೆ. ಊರು ದಾನ ಕೊಟ್ಟರು ಅಂದರೆ ಏನು? ಆ ಊರಿನ ಹೊಲ ಉತ್ತವರ ದುಡಿಮೆಯೂ ಅದರೊಂದಿಗೆ ಹೋಯ್ತು. ಕೊಡುವಾಗ ಅವರನ್ನು ಯಾರಾದರೂ ಕೇಳಿದರೆ? ಇದನ್ನು ಗೈಡಿನ ಹತ್ತಿರ ಮರ್ಯಾದೆಯಿಂದಲೇ ಕೇಳಿ. ಅವನೂ ಹೊಟ್ಟೆಪಾಡಿಗೆ ದುಡಿಯುವವನೇ, ಅವನಿಗೆ ಯಾರೂ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ.

ಐಹೊಳೆಯಲ್ಲಿ ಎಲ್ಲರೂ ದುರ್ಗದ ಗುಡಿ ನೋಡಿ ಫೋಟೋ ತೆಗೆದು ಬಸ್ಸು ಹತ್ತುತ್ತಾರೆ. ನೀವು ಮೇಗುತಿ ಗುಡ್ಡ ಹತ್ತಿ. ಮೇಲೆ 634ರ ಜೈನ ಗುಡಿ. ಅದಕ್ಕಿಂತ ಸ್ವಲ್ಪ ಕೆಳಗೆ, ಅರ್ಧ ಬಂಡೆ ಕೊರೆದು ಅರ್ಧ ಕಲ್ಲು ಕಟ್ಟಿದ ಎರಡಂತಸ್ತಿನ ಬೌದ್ಧ ಮಂದಿರ ಇದೆ. ಮುಂಭಾಗದಲ್ಲಿ ತಲೆ ಎತ್ತಿ ನೋಡಿ, ಛತ್ತಿನಲ್ಲಿ ಬುದ್ಧ ಕೂತಿದ್ದಾನೆ. ಹೊರಗಿರುವ ಇನ್ನೊಂದು ಬುದ್ಧನ ಮೂರ್ತಿಗೆ ತಲೆಯೇ ಇಲ್ಲ. ಅಲ್ಲಿ ಐದು ನಿಮಿಷ ಕೂತುಕೊಳ್ಳಿ.

ಬುದ್ಧನ ಗುರುತು ನಮ್ಮ ನಾಡಿನಲ್ಲಿ ಕಡಿಮೆಯೇನೂ ಇರಲಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಬುಡದ ಕಲ್ಲು ನೋಡಿದರೆ ಅದು ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕ ರಾಜನ ಶಿಲ್ಪವೇ, ಹೆಸರಿನ ಸಮೇತ, ಸಿಕ್ಕಿತು. ನಮ್ಮ ಇತಿಹಾಸ ಎಲ್ಲಿ ಹೋಯ್ತು ಅಂತ ಕೇಳ್ತೀವಲ್ಲ, ಕೆಲವು ಕಡೆ ಅದು ಪೀಠದ ಕೆಳಗೇ ಇದೆ. ಅಗೆದು ನೋಡುವವರು ಬೇಕು, ಓದುವವರು ಬೇಕು. ಇತಿಹಾಸ, ಪುರಾತತ್ವ, ಲಿಪಿ ಓದುವ ವಿದ್ಯೆ, ಇವು ಯಾವುದೋ ಮೇಲಿನವರ ವಿದ್ಯೆ ಅಂತ ಬಿಡಬೇಡಿ. ನಿಮ್ಮಲ್ಲಿ ಇಬ್ಬರಾದರೂ ಇದನ್ನು ಹಿಡಿಯಬೇಕು.

ನಮ್ಮೂರಿನ ಹೆಸರಲ್ಲೇ ಸುಂಕ ಅನ್ನೋ ಮಾತು ಸೇರಿಕೊಂಡಿದೆ. ದಾರಿಯಲ್ಲಿ ಹೋಗುವ ಸರಕಿಗೆ ಸುಂಕ ಕೊಡಬೇಕು, ಅದು ಲೋಕರೂಢಿ. ಆದರೆ ನಮ್ಮವರು ಹುಟ್ಟಿದ್ದಕ್ಕೇ ಸುಂಕ ಕೊಟ್ಟಿದ್ದಾರೆ. ಉಪ್ಪಿನ ಆಗರದಲ್ಲಿ ದುಡಿದ ಆಗೇರರು, ಗದ್ದೆಯಲ್ಲಿ ದುಡಿದ ಮುಕ್ರಿಗಳು ದುಡಿಮೆ ಕೊಟ್ಟರು, ಬದಲಿಗೆ ಬಾವಿಯಿಂದ ದೂರ ನಿಲ್ಲುವ ಪಾಲು ಪಡೆದರು. 1950ರಿಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 15ನೇ ವಿಧಿ ಬಾವಿ, ಕೆರೆ, ಹೋಟೆಲು, ರಸ್ತೆಗಳ ಹೆಸರು ಹಿಡಿದು, ಯಾರನ್ನೂ ತಡೆಯಬಾರದು ಎಂದಿದೆ. ದೌಲತಾಬಾದಿನ ಹೊಂಡವೂ, ಮಹಾಡದ ಕೆರೆಯೂ ಆ ವಾಕ್ಯದೊಳಗೆ ಇವೆ ಅಂತ ತಿಳಿದು ಓದಿ.

ಬಾದಾಮಿಯ ಗುಹೆಗಳ ಕೆಳಗೆ ಅಗಸ್ತ್ಯ ತೀರ್ಥ ಎಂಬ ದೊಡ್ಡ ಹೊಂಡ ಇದೆ. ಮೆಟ್ಟಿಲಿಳಿದು ಹೋಗಿ. ಒಂದು ಬೊಗಸೆ ನೀರಿನಲ್ಲಿ ಮುಖ ತೊಳೆದುಕೊಳ್ಳಿ. ಪೂಜೆ ಮಾಡಬೇಕಾಗಿಲ್ಲ, ಘೋಷಣೆ ಕೂಗಬೇಕಾಗಿಲ್ಲ. 1934ರ ಆ ಮೂವತ್ತು ಜನ ಧೂಳು ಮೆತ್ತಿದ ಮುಖ ತೊಳೆದದ್ದಕ್ಕೆ ಏನು ಕೇಳಬೇಕಾಯ್ತು ಅನ್ನೋದು ನೆನಪಿದ್ದರೆ ಸಾಕು. ಚೀಟಿ ಪೆನ್ನು ಜೊತೆಗಿರಲಿ. ನೋಡಿದ್ದನ್ನು, ಕೇಳಿದ್ದನ್ನು ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.

ಜೈ ಭೀಮ್.