ಆಡುವವರ ಗುರುತು, ಆಡಿಸುವ ಸರ್ವರಿನ ಗುರುತು



ಹೊಸೂರು ಸೀಮೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿದ ಜೂಜುವಾಡಿಯ ಚೆಕ್‌ಪೋಸ್ಟ್ ನೋಡುತ್ತ ಬೆಳೆದ ನಿಮಗೆ ಒಂದು ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಲಾರಿ ನಿಂತಾಗ ಡ್ರೈವರನ ಲೈಸೆನ್ಸ್ ಬೇರೆ, ಗಾಡಿಯ ಪರ್ಮಿಟ್ ಬೇರೆ. ಒಂದು ಸರಿಯಿದೆಯೆಂದು ಇನ್ನೊಂದನ್ನು ಕೇಳದೆ ಬಿಡುವುದಿಲ್ಲ. ಆನ್‌ಲೈನ್ ಆಟಗಳ ಹಿಂದೆ ದುಡಿಯುವ ಸರ್ವರುಗಳ ಲೋಕದಲ್ಲಿ ಮಾತ್ರ ಆಟಗಾರನ ಗುರುತು, ಸರ್ವರಿನ ಗುರುತು ಎಂಬ ಎರಡೂ ಪದೇ ಪದೇ ಕಲಸಿಹೋಗುತ್ತವೆ.

ಮೊದಲು ನಮ್ಮ ಗಡಿಯ ಕಥೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ತಮಿಳುನಾಡು 2022ರಲ್ಲಿ ತನ್ನದೇ ಕಾಯ್ದೆ ತಂದಿತು. ಅದರಡಿಯ 2025ರ ನಿಯಮಗಳಲ್ಲಿ ಹಣದಾಟಕ್ಕೆ ಆಧಾರ್ ಪರಿಶೀಲನೆ ಕಡ್ಡಾಯವಾಯಿತು, ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ಆಟ ನಿಂತಿತು. ಅದೇ ಫೋನು ಗಡಿಯಾಚೆ ಅತ್ತಿಬೆಲೆಗೆ ದಾಟಿದರೆ ಆಗ ಬೇರೆ ಕಾನೂನು! ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹಣದಾಟವನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನೇ ಅಂಗೀಕರಿಸಿತು. ಆದರೆ ಹಣ ಕಟ್ಟದೆ ಆಡುವ ಚದುರಂಗ, ಕ್ರಿಕೆಟ್, ಕಾರಿನ ಓಟ ಇವೆ. ಗುರುತಿನ ಪ್ರಶ್ನೆಯೂ ಉಳಿದಿದೆ.

ಗೆದ್ದವರು ಯಾರೆಂದು ಹೇಳುವವರು ಯಾರು? ಫೋನು ಹೇಳಿದರೆ ನಂಬುವಂತಿಲ್ಲ, ಏಕೆಂದರೆ ಅದು ಆಟಗಾರನ ಕೈಯಲ್ಲಿದೆ. ಸರ್ವರೇ ಹೇಳಬೇಕು; ಅದಕ್ಕೆ ಮೊದಲು ಆಡುತ್ತಿರುವವರು ಯಾರೆಂದು ಸರ್ವರಿಗೆ ತಿಳಿಯಬೇಕು. ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದಲ್ಲಿ ಹೀಗೆ ಮಾಡುತ್ತಾರೆ: ಆಟಗಾರ ಸ್ಟೀಮ್‌ನಿಂದ ಟಿಕೆಟ್ ಪಡೆದು ಆಟದ ಸರ್ವರಿಗೆ ಕೊಡುತ್ತಾನೆ, ಸರ್ವರು ಅದನ್ನು ಸ್ಟೀಮ್‌ನಲ್ಲೇ ವಿಚಾರಿಸಿ, ಇದು ಯಾರದೆಂದು ಖಚಿತಪಡಿಸಿಕೊಳ್ಳುತ್ತದೆ. ಇ-ವೇ ಬಿಲ್ಲಿನ ಕಾಗದವನ್ನು ನೋಡಿ ತೃಪ್ತರಾಗದೆ ಅದರ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ಹಾಗೆ.

ಇನ್ನು ಸರ್ವರಿನ ಸರದಿ. ಮೈಕ್ರೋಸಾಫ್ಟ್‌ನ ಪ್ಲೇಫ್ಯಾಬ್ ಎಂಬ ಆಟದ ಸರ್ವರ್ ಸೇವೆಯಲ್ಲಿ ಆಟಗಾರನಿಗೆ ಸೆಷನ್ ಟಿಕೆಟ್, ನಂಬಿಕೆಯ ಸರ್ವರಿಗೆ ರಹಸ್ಯ ಕೀಲಿ. ನಾಣ್ಯ ಕೊಡುವುದು, ಅಂಕ ತಿದ್ದುವುದು ಎಲ್ಲ ಆ ಕೀಲಿಯ ಅಧಿಕಾರ. ಪರೀಕ್ಷೆಯ ಅವಸರದಲ್ಲಿ ಆ ಕೀಲಿಯನ್ನು ಆ್ಯಪಿನೊಳಗೇ ಬರೆದುಬಿಡುವುದು ನನ್ನ ಪ್ರಕಾರ ಈ ಕೆಲಸದಲ್ಲಿ ಕ್ಷಮೆಯಿಲ್ಲದ ತಪ್ಪು. ಆ್ಯಪಿನ ಕಡತವನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಓದಿದವನೇ ಅಲ್ಲಿಂದಾಚೆ ಸರ್ವರು.

ಸರ್ವರುಗಳ ನಡುವೆಯೂ ಎಚ್ಚರ ಬೇಕು. ಟಿಕೆಟ್ ಅಸಲಿಯೆಂದು ತೋರಿಸಲು ಅದಕ್ಕೆ ಸಹಿ ಹಾಕುವ ಕೀಲಿಯನ್ನೇ ಪಂದ್ಯ ನಡೆಸುವ ಪ್ರತಿಯೊಂದು ಯಂತ್ರಕ್ಕೂ ಹಂಚಿದರೆ, ಒಂದು ಯಂತ್ರ ಕಳ್ಳನ ಪಾಲಾದ ದಿನ ಅವನು ಯಾರ ಹೆಸರಿನಲ್ಲಾದರೂ ಟಿಕೆಟ್ ಅಚ್ಚುಹಾಕುತ್ತಾನೆ. ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ರೂಪಿಸಿದ ಬಗೆಯ ಜೋಡಿ ಕೀಲಿಯಲ್ಲಿ ಆ ಭಯವಿಲ್ಲ. ಸಹಿಯ ಕೀಲಿ ಒಂದೇ ಕಡೆ ಇರುತ್ತದೆ. ಸಹಿಯನ್ನು ಪರೀಕ್ಷಿಸುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು.

ಜೋಡಿ ಕೀಲಿಯ ದೊಡ್ಡ ಉದಾಹರಣೆ ಆಧಾರ್. ಅದರ ದೃಢೀಕರಣದಲ್ಲಿ ವ್ಯಕ್ತಿಯ ವಿವರ ಆಧಾರ್ ಪ್ರಾಧಿಕಾರದ, ಎಲ್ಲರಿಗೂ ಹಂಚುವ ಬಹಿರಂಗ ಕೀಲಿಯ ಆಸರೆಯಲ್ಲಿ ಬೀಗಬಿದ್ದು ಹೊರಡುತ್ತದೆ, ನಡುವಿನವರು ತೆರೆಯಲಾರರು. ಕೇಳುವ ಸಂಸ್ಥೆಗೆ ಪರವಾನಗಿ ಕೀಲಿ ಇರಬೇಕು, ಕೋರಿಕೆಗೆ ಡಿಜಿಟಲ್ ಸಹಿ ಬೇಕು. ಮರಳಿ ಬರುವ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರಕ್ಕೂ ಪ್ರಾಧಿಕಾರದ ಸಹಿ ಇರುತ್ತದೆ. ಕೇಳುವವರೂ ಹೇಳುವವರೂ ತಮ್ಮ ಗುರುತು ತೋರಿಸುತ್ತಾರೆ. ಆಟದ ಸರ್ವರು ಕಟ್ಟುವ ನಮ್ಮ ಹುಡುಗರು ಈ ವಿನ್ಯಾಸವನ್ನು ಕೂತು ಓದಬೇಕು.

ಹಾಗೆಂದು ಚದುರಂಗ ಆಡುವ ಮಗುವಿನಿಂದ ಆಧಾರ್ ಕೇಳುವುದನ್ನು ನಾನು ಒಪ್ಪುವುದಿಲ್ಲ. ಟಿಕೆಟ್ಟಿಗೆ ಆಟಗಾರನ ಒಂದು ಸಂಖ್ಯೆ, ಮುಗಿಯುವ ಸಮಯ, ಸಹಿ ಇದ್ದರೆ ಸಾಕು. ಅಲ್ಲದೆ, ನಮ್ಮ ಮನೆಗಳಲ್ಲಿ ಫೋನು ಅಮ್ಮನದು, ಆಟ ಮಗುವಿನದು. ಓಟಿಪಿ ಬಂದರೆ ಮಗುವೇ ಓದಿ ಒತ್ತುತ್ತದೆ, ಸರ್ವರಿನ ಲೆಕ್ಕದಲ್ಲಿ ಆಡಿದವಳು ಅಮ್ಮ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ವಿವರ ಬಳಸಲು ಹೆತ್ತವರ, ಪರಿಶೀಲಿಸಬಹುದಾದ ಸಮ್ಮತಿ ಬೇಕೆನ್ನುತ್ತದೆ. ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕೆಂದೂ ಹೇಳುತ್ತದೆ. ರಾಜ್ಯ ಯಾವುದೆಂಬ ಷರತ್ತು ಅದಕ್ಕಿಲ್ಲ. ತಮಿಳುನಾಡಿನ ಈ ಜೂಜುವಾಡಿಯಲ್ಲಿ ಕೂತ ಕನ್ನಡದ ತಾಯಿ, ಒತ್ತುವ ಮೊದಲು ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು.